ಹೃದಯದ ಬಡಿತ ನೋಡಿ ಕಾಲಿನ ಸ್ನಾಯುವಿಗೆ ಕರೆಂಟ್: ವೇಳೆ ಹೊಂದಿಸುವುದರಿಂದ ನಿಜಕ್ಕೂ ಲಾಭವಿದೆಯೆ?

ತೀರ್ಥಹಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ ಎಪ್ಪತ್ತೆರಡು ವರ್ಷ. ನಾಲ್ಕು ವರ್ಷಗಳ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿದ್ದೇವೆ. ಕಳೆದ ಮಳೆಗಾಲದಿಂದ ಸಂಜೆಯಾಯಿತೆಂದರೆ ಅವರ ಎರಡೂ ಪಾದಗಳು ಊದಿಕೊಳ್ಳುತ್ತವೆ; ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿಯುತ್ತದೆ. ಈಚೆಗೆ ನಮ್ಮೂರಿನ ಕಲ್ಯಾಣ ಮಂಟಪವೊಂದರಲ್ಲಿ ಹದಿನೈದು ದಿನ ಉಚಿತವಾಗಿ ಪಾದಕ್ಕೆ ಯಂತ್ರ ಹಿಡಿಸುವ ಶಿಬಿರ ನಡೆಯಿತು. ತಂದೆಯವರು ದಿನವೂ ಹೋಗಿ ಬಂದರು, ಹಿತವಾಯಿತೆಂದೂ ಹೇಳಿದರು. ಕೊನೆಯ ದಿನ ಅಲ್ಲಿಯವರು, ಕಾಲೇ ಮನುಷ್ಯನ ಎರಡನೆಯ ಹೃದಯ, ಈ ಯಂತ್ರ ಆ ಹೃದಯವನ್ನು ನಡೆಸುತ್ತದೆ ಎಂದು ಹೇಳಿ, ಕೊಳ್ಳುವಂತೆ ಬಲವಂತ ಮಾಡಿದರಂತೆ.

ನನ್ನ ತಮ್ಮನ ಮಗ ಇದನ್ನು ಕೇಳಿ ಬೇರೊಂದು ವಿಷಯ ತೆಗೆದ. ಇಸಿಜಿ ನೋಡಿಕೊಂಡು, ಹೃದಯ ಬಡಿದ ಮೇಲೆ ಇಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿ ಕಾಲಿನ ಸ್ನಾಯುಗಳಿಗೆ ಕರೆಂಟ್ ಕೊಡುವ ವಿಧಾನವಿದೆಯಂತೆ; ಅದರಿಂದ ಹೃದಯದ ಭಾರ ಇಳಿಯುತ್ತದೆಯಂತೆ. ಶಿಬಿರದ ಯಂತ್ರಕ್ಕೂ ಇದಕ್ಕೂ ಸಂಬಂಧವಿದೆಯೆ? ಸ್ನಾಯು ಕುಗ್ಗಿದರೆ ರಕ್ತ ಮುಂದಕ್ಕೆ ಹೋಗುವುದಾದರೆ ಯಾವ ಕ್ಷಣದಲ್ಲಿ ಕುಗ್ಗಿದರೇನು? ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ. ನಾನು ಕನ್ನಡ ಮೇಷ್ಟ್ರು. ವಿಜ್ಞಾನದಲ್ಲಿ ಹತ್ತನೆಯ ತರಗತಿಯ ನಂತರ ಮುಂದೆ ಹೋದವನಲ್ಲ ಎಂಬುದನ್ನು ಗಮನದಲ್ಲಿಟ್ಟು ಬರೆಯಿರಿ.

ಹುಬ್ಬಳ್ಳಿ ಫಿಸಿಯೊ

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯೇ ಇಡೀ ವಿಷಯದ ಬೇರು. ಅದಕ್ಕೆ ಉತ್ತರ ಒಂದಲ್ಲ, ಎರಡು. ರಕ್ತ ಯಾವ ಕೊಳವೆಯಲ್ಲಿ ಇದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನಾನು ಅಭಿಧಮನಿಗಳ, ಅಂದರೆ ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಕೊಳವೆಗಳ, ಕಡೆಯನ್ನು ಮಾತ್ರ ಹೇಳುತ್ತೇನೆ, ಹೃದಯದ ಕಡೆಯನ್ನು ತಿಳಿದವರು ಹೇಳಲಿ.

ನಿಂತಾಗ ಹೃದಯದಿಂದ ಕಣಕಾಲಿನವರೆಗೆ ರಕ್ತದ ಒಂದು ಕಂಬ ನಿಂತ ಹಾಗೆ. ಅಲುಗಾಡದೆ ನಿಂತವರ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ 80ರಿಂದ 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಅದೇ ವ್ಯಕ್ತಿ ಹತ್ತು ಹೆಜ್ಜೆ ನಡೆದರೆ ಅದು 20–30ಕ್ಕೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಮಾಡುವುದು ಮೀನಖಂಡದ ಸ್ನಾಯುಗಳು. ಅವು ಕುಗ್ಗಿದಾಗ ಒಳಗಿನ ಅಭಿಧಮನಿಗಳು ಹಿಂಡಲ್ಪಡುತ್ತವೆ. ಅಭಿಧಮನಿಗಳಲ್ಲಿ ಒಮ್ಮುಖ ಕವಾಟಗಳಿರುವುದರಿಂದ ರಕ್ತ ಮೇಲಕ್ಕೆ ಮಾತ್ರ ಹೋಗಬಲ್ಲದು. ಕಾಲನ್ನು ಎರಡನೆಯ ಹೃದಯ ಎನ್ನುವ ಮಾತು ಶಿಬಿರದವರ ಆವಿಷ್ಕಾರವಲ್ಲ, ಪಠ್ಯಪುಸ್ತಕಗಳಲ್ಲೂ ಇದೆ. ಆದರೆ ಆ ಎರಡನೆಯ ಹೃದಯ ಪಾದದ ಅಡಿಯಲ್ಲಿಲ್ಲ, ಮೀನಖಂಡದಲ್ಲಿದೆ. ಪಾದಕ್ಕೆ ಜುಮ್ಮೆನ್ನಿಸುವ ಯಂತ್ರದಿಂದ ಮೀನಖಂಡ ಕಣ್ಣಿಗೆ ಕಾಣುವಂತೆ ಕುಗ್ಗದಿದ್ದರೆ ಪಂಪು ನಡೆದಿಲ್ಲವೆಂದೇ ಅರ್ಥ. ಜುಮ್ಮೆನ್ನುವುದು ಸಂವೇದನೆಯ ನರದ ಕೆಲಸ. ಕುಗ್ಗುವುದು ಚಾಲಕ ನರದ ಕೆಲಸ.

ಈ ಅಭಿಧಮನಿ ಪಂಪಿಗೆ ಹೃದಯದ ತಾಳ ಬೇಕಿಲ್ಲ. ಮೀನಖಂಡದ ಅಭಿಧಮನಿಗೆ ಬರುವ ಹೊತ್ತಿಗೆ, ಸೂಕ್ಷ್ಮ ಲೋಮನಾಳಗಳನ್ನು ದಾಟಿ ಬಂದ ರಕ್ತದಲ್ಲಿ ನಾಡಿಯ ಏರಿಳಿತ ಬಹುತೇಕ ಅಳಿದುಹೋಗಿರುತ್ತದೆ. ಕೆರೆಯ ತೂಬಿನಲ್ಲಿ ನೀರು ಬಿಟ್ಟದ್ದು ಎಷ್ಟು ಹೊತ್ತಿಗೆ ಎಂಬುದು ಕೊನೆಯ ಗದ್ದೆಯ ಬದುವಿನಿಂದ ನೀರು ತೆಗೆಯುವವನಿಗೆ ಮುಖ್ಯವಲ್ಲ. ಮುಖ್ಯವಾದದ್ದು ಸ್ನಾಯು ಪೂರ್ತಿ ಕುಗ್ಗಬೇಕು ಮತ್ತು ಪೂರ್ತಿ ಸಡಿಲವಾಗಿ ಮತ್ತೆ ತುಂಬಿಕೊಳ್ಳಲು ಬಿಡುವು ಸಿಗಬೇಕು ಎಂಬುದು. ನಾವು ಫಿಸಿಯೊಥೆರಪಿ ಓದುವಾಗ ಕಲಿತ ಒಂದು ಹಳೆಯ ವಿಧಾನವಿದೆ: ಊದಿದ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು, ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅದರೊಳಗೆ ಪ್ಯಾಡ್ ಇಟ್ಟು ಅಲೆಅಲೆಯಾಗಿ ಏರಿಳಿಯುವ ಫ್ಯಾರಡಿಕ್ ಕರೆಂಟ್ ಕೊಡುವುದು. ಸ್ನಾಯು ಉಬ್ಬಿದಾಗ ಬ್ಯಾಂಡೇಜ್ ಅದನ್ನು ಹೊರಕ್ಕೆ ಬಿಡುವುದಿಲ್ಲ, ಹಾಗಾಗಿ ಹಿಂಡುವಿಕೆ ಇಮ್ಮಡಿಯಾಗುತ್ತದೆ. ಅಲ್ಲಿ ಇಸಿಜಿ ಇಲ್ಲ, ಬಡಿತದ ಲೆಕ್ಕವೂ ಇಲ್ಲ.

ಆದರೆ ನಿಮ್ಮ ತಂದೆಯವರಿಗೆ ಇದನ್ನು ನಾನು ಇಲ್ಲಿ ಕುಳಿತು ಸೂಚಿಸಲಾರೆ. ಒಂದೇ ಕಾಲು ಊದಿದ್ದು ನೋವೂ ಇದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು; ಹೊಸದಾಗಿ ಹೆಪ್ಪುಗಟ್ಟಿದ ಕಾಲಿನ ಸ್ನಾಯುವನ್ನು ಕರೆಂಟಿನಿಂದ ಕುಣಿಸಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಎರಡೂ ಕಾಲು ಸಮನಾಗಿ ಊದಿದರೆ ಹೃದಯ, ಮೂತ್ರಪಿಂಡ, ಯಕೃತ್ತು, ಇಲ್ಲವೆ ಮಾತ್ರೆ ಇವುಗಳನ್ನು ಮೊದಲು ನೋಡಬೇಕು. ಅವರು ತೆಗೆದುಕೊಳ್ಳುವ ಬಿ.ಪಿ. ಮಾತ್ರೆಗಳ ಹೆಸರನ್ನು ದಯವಿಟ್ಟು ವೈದ್ಯರ ಮುಂದಿಟ್ಟು ಕೇಳಿ. ಪೇಸ್‌ಮೇಕರ್ ಇಲ್ಲವಷ್ಟೆ?

ತೀರ್ಥಹಳ್ಳಿ ಮೇಷ್ಟ್ರು

ಪೇಸ್‌ಮೇಕರ್ ಇಲ್ಲ. ಯಂತ್ರವನ್ನು ಇನ್ನೂ ಕೊಂಡಿಲ್ಲ. ಮುಂದಿನ ವಾರ ವೈದ್ಯರಲ್ಲಿಗೆ ಕರೆದೊಯ್ಯುತ್ತೇನೆ. ಎರಡನೆಯ ಉತ್ತರ ಏನು?

ಆರ್-ಅಲೆ

ವೈದ್ಯಕೀಯ ಉಪಕರಣಗಳ ವಿನ್ಯಾಸದಲ್ಲಿ ಕೆಲಸ ಮಾಡುತ್ತೇನೆ, ವೈದ್ಯನಲ್ಲ. ಎರಡನೆಯ ಉತ್ತರ ಅಪಧಮನಿಗಳದ್ದು, ಅಂದರೆ ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವ ಕೊಳವೆಗಳದ್ದು; ಅಲ್ಲಿ ವೇಳೆಯೇ ಸರ್ವಸ್ವ.

ಒಂದೇ ಒರಳಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು ಭತ್ತ ಕುಟ್ಟುವುದನ್ನು ಮೇಷ್ಟ್ರು ನೋಡಿರುತ್ತೀರಿ. ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳದು ಇಳಿಯುತ್ತದೆ. ಇಬ್ಬರೂ ಒಟ್ಟಿಗೆ ಇಳಿಸಿದರೆ ಒನಕೆಗಳು ಬಡಿದುಕೊಳ್ಳುತ್ತವೆ. ಹೃದಯ ಮೊದಲನೆಯ ಒನಕೆ. ಅದು ಕುಗ್ಗಿ ರಕ್ತವನ್ನು ಮಹಾಪಧಮನಿಗೆ ತಳ್ಳುತ್ತದೆ, ಕವಾಟ ಮುಚ್ಚಿಕೊಳ್ಳುತ್ತದೆ, ಆಮೇಲೆ ಹಿಗ್ಗುತ್ತಾ ವಿರಮಿಸುತ್ತದೆ. ಈ ಹಿಗ್ಗುವ ಹಂತದಲ್ಲಿ ಹೊರಗಿನಿಂದ ಯಾರಾದರೂ ಅಪಧಮನಿಯನ್ನು ಹಿಂಡಿದರೆ ಮಹಾಪಧಮನಿಯಲ್ಲಿ ಒತ್ತಡ ಎರಡನೆಯ ಬಾರಿ ಏರುತ್ತದೆ. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಇದೇ ಹಂತದಲ್ಲಿ, ಏಕೆಂದರೆ ಕುಗ್ಗುವಾಗ ಹೃದಯ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಂಡಿರುತ್ತದೆ. ಹಾಗಾಗಿ ವಿರಾಮದ ವೇಳೆಯ ಒತ್ತಡ ಹೃದಯಕ್ಕೆ ಅನ್ನ ಹಾಕಿದಂತೆ. ಮುಂದಿನ ಬಡಿತಕ್ಕೆ ಸ್ವಲ್ಪ ಮೊದಲು ಹಿಂಡುವಿಕೆಯನ್ನು ಬಿಟ್ಟುಬಿಟ್ಟರೆ ಖಾಲಿಯಾದ ಕೊಳವೆಗಳು ಎದುರಿಗಿರುತ್ತವೆ, ಹೃದಯ ಕಡಿಮೆ ಶ್ರಮದಲ್ಲಿ ರಕ್ತ ತಳ್ಳುತ್ತದೆ. ಇದನ್ನೇ ಪ್ರತಿಸ್ಪಂದನ ಎನ್ನುವುದು. ವೇಳೆ ತಪ್ಪಿ ಹೃದಯ ಕುಗ್ಗುವಾಗಲೇ ಕಾಲಿನ ಸ್ನಾಯುವೂ ಕುಗ್ಗಿದರೆ ಅದು ಎದುರು ಗೋಡೆ ಕಟ್ಟಿದಂತೆ. ಬಿಗಿಯಾಗಿ ಕುಗ್ಗಿದ ಸ್ನಾಯುವಿನೊಳಗಿನ ಒತ್ತಡ ರಕ್ತದೊತ್ತಡವನ್ನೇ ಮೀರಬಲ್ಲದು, ಆ ಕ್ಷಣ ಅದರೊಳಗೆ ರಕ್ತ ನುಗ್ಗುವುದೇ ಇಲ್ಲ.

ಈ ವಿಚಾರ ಹೊಸತಲ್ಲ. 1953ರಲ್ಲಿ ಅಮೆರಿಕದ ಏಡ್ರಿಯನ್ ಕ್ಯಾಂಟ್ರೊವಿಟ್ಜ್ ಎಂಬ ಶಸ್ತ್ರವೈದ್ಯ ಮತ್ತು ಅವರ ಅಣ್ಣ, ಭೌತವಿಜ್ಞಾನಿ ಆರ್ಥರ್ ಇಬ್ಬರೂ ಸೇರಿ, ಅಪಧಮನಿಯ ಒತ್ತಡದ ಅಲೆಯನ್ನು ತಡಮಾಡಿ ಹೃದಯದ ರಕ್ತನಾಳಕ್ಕೆ ತಲುಪಿಸಿದರೆ ಅಲ್ಲಿ ಹರಿವು ಹೆಚ್ಚುತ್ತದೆಂದು ನಾಯಿಗಳಲ್ಲಿ ತೋರಿಸಿದರು. ಅದೇ ದಶಕದ ಕೊನೆಗೆ ಏಡ್ರಿಯನ್ ಮಾಡಿದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ: ನಾಯಿಯ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿನ, ಒಂದು ಪಾಲನ್ನು ಮಹಾಪಧಮನಿಗೆ ಸುತ್ತಿ, ಅದರ ನರಕ್ಕೆ ಹೃದಯದ ವಿರಾಮದ ಹಂತದಲ್ಲಿ ಕರೆಂಟ್ ಕೊಟ್ಟು ಸ್ನಾಯುವನ್ನೇ ಎರಡನೆಯ ಹೃದಯವಾಗಿಸುವ ಯತ್ನ. ಎಂದರೆ ಬಡಿತಕ್ಕೆ ಹೊಂದಿಸಿ ಸ್ನಾಯುವಿಗೆ ಕರೆಂಟ್ ಕೊಡುವ ಕಲ್ಪನೆ, ಇದೇ ಪ್ರತಿಸ್ಪಂದನಕ್ಕೆ ಆಮೇಲೆ ಬಂದ ಗಾಳಿಪಟ್ಟಿ, ಬಲೂನುಗಳ ಚಿಕಿತ್ಸೆಗಿಂತ ಹಳೆಯದು. ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕಾಲಿನ ಸ್ನಾಯುಗಳಿಂದಲೇ ಇದನ್ನು ಸಾಧಿಸುವ ವಿಧಾನದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ಲಪನಾಶ್ವಿಲಿ ಎಂಬವರು ಕೆಲಸ ಮಾಡಿ ಪೇಟೆಂಟುಗಳನ್ನೂ ಪಡೆದಿದ್ದಾರೆ. ನಿಮ್ಮ ತಮ್ಮನ ಮಗ ಓದಿದ್ದು ಬಹುಶಃ ಅದನ್ನೇ.

ಕೆಂಪುಗೂದಲಿನವ

ಇಷ್ಟು ಚೆನ್ನಾದ ಉಪಾಯ ಅರವತ್ತು–ಎಪ್ಪತ್ತು ವರ್ಷ ಹಳೆಯದಾಗಿದ್ದರೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕಿತ್ತಲ್ಲ? ಇಲ್ಲವೆಂದರೆ ಎಲ್ಲೋ ಏನೋ ಕೆಲಸ ಮಾಡುವುದಿಲ್ಲವೆಂದೇ ಅಲ್ಲವೆ?

ನಿವೃತ್ತ ಹೃದ್ರೋಗ ವೈದ್ಯೆ

ಸಂಶಯ ಒಳ್ಳೆಯದೇ. ಪ್ರತಿಸ್ಪಂದನದ ಇತಿಹಾಸವೇ ಸೊಗಸಾದ ಭೌತಶಾಸ್ತ್ರ ಮತ್ತು ಅಷ್ಟೇನೂ ಸೊಗಸಲ್ಲದ ಫಲಿತಾಂಶಗಳ ನಡುವಿನ ಜಗ್ಗಾಟ.

ಮೊದಲು ಬಲೂನು. 1962ರಲ್ಲಿ ಮೌಲೊಪೌಲೋಸ್, ಟೋಪಾಜ್, ಕೋಲ್ಫ್ ಅವರು ಅದರ ಪ್ರಯೋಗಗಳನ್ನು ವರದಿ ಮಾಡಿದರು. 1967ರಲ್ಲಿ ಮೇಲೆ ಹೇಳಿದ ಅದೇ ಕ್ಯಾಂಟ್ರೊವಿಟ್ಜ್ ಮನುಷ್ಯರಲ್ಲಿ ಬಳಸಿದರು. ತೊಡೆಯ ಅಪಧಮನಿಯಿಂದ ತೂರಿಸಿದ ಬಲೂನು ಮಹಾಪಧಮನಿಯೊಳಗೆ ಕುಳಿತು ಹೃದಯ ವಿರಮಿಸುವಾಗ ಹೀಲಿಯಂನಿಂದ ಉಬ್ಬುತ್ತದೆ, ಬಡಿಯುವ ಮುನ್ನ ಕುಸಿಯುತ್ತದೆ. ನನ್ನ ವೃತ್ತಿಜೀವನದಲ್ಲಿ ಎಷ್ಟು ರಾತ್ರಿ ಅದರ ಪರದೆಯ ಮುಂದೆ ನಿಂತು ವೇಳೆಯನ್ನು ಹಿಂದುಮುಂದು ಸರಿಸಿದ್ದೇನೋ ಲೆಕ್ಕವಿಲ್ಲ. ಬೇಗ ಉಬ್ಬಿದರೆ ಕವಾಟ ಅವಧಿಗೆ ಮುನ್ನ ಮುಚ್ಚುತ್ತದೆ, ತಡವಾಗಿ ಕುಸಿದರೆ ಹೃದಯ ಉಬ್ಬಿದ ಬಲೂನಿನ ಎದುರು ತಳ್ಳಬೇಕಾಗುತ್ತದೆ. ಈ ಎರಡನೆಯದು ಹೆಚ್ಚು ಕೆಟ್ಟದ್ದು. ಪರದೆಯ ಮೇಲೆ ಅಲೆಗಳು ನಾವು ಬಯಸಿದಂತೆಯೇ ಕುಣಿಯುತ್ತಿದ್ದವು. ಆದರೆ 2012ರಲ್ಲಿ ಜರ್ಮನಿಯಿಂದ ಬಂದ ದೊಡ್ಡ ಅಧ್ಯಯನದಲ್ಲಿ, ಹೃದಯಾಘಾತದಿಂದ ಆಘಾತಸ್ಥಿತಿಗೆ ಹೋದ 600 ಮಂದಿಯಲ್ಲಿ, ಮೂವತ್ತು ದಿನಗಳೊಳಗಿನ ಸಾವು ಬಲೂನು ಹಾಕಿದವರಲ್ಲಿ ಶೇಕಡ 39.7, ಹಾಕದವರಲ್ಲಿ ಶೇಕಡ 41.3. ಲೆಕ್ಕಕ್ಕೆ ಬರುವ ವ್ಯತ್ಯಾಸವಲ್ಲ. ಅಲೆ ಚೆಂದವಾದ ಮಾತ್ರಕ್ಕೆ ಜೀವ ಉಳಿಯುವುದಿಲ್ಲವೆಂದು ನಾವೆಲ್ಲ ಅಂದು ಕಲಿತೆವು.

ಎರಡನೆಯದು ನಮ್ಮ ಬೆಂಗಳೂರಿನಲ್ಲೂ ಸಿಗುವ ಇಇಸಿಪಿ, ಅಂದರೆ ದೇಹದ ಹೊರಗಿನಿಂದಲೇ ಮಾಡುವ ಪ್ರತಿಸ್ಪಂದನ. ಅಲ್ಲಿ ಸ್ನಾಯುವಿನ ಬದಲು ಗಾಳಿಪಟ್ಟಿ. ಮೀನಖಂಡ, ತೊಡೆ, ಪೃಷ್ಠ ಮೂರಕ್ಕೂ ಪಟ್ಟಿ ಕಟ್ಟಿ, ಇಸಿಜಿಯ ಸುಳಿವಿನಂತೆ ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಹಿಂಡುತ್ತಾರೆ, ಬಡಿತಕ್ಕೆ ಮೊದಲು ಒಟ್ಟಿಗೆ ಬಿಡುತ್ತಾರೆ. ದಿನಕ್ಕೊಂದು ಗಂಟೆಯಂತೆ ಸಾಮಾನ್ಯವಾಗಿ ಏಳು ವಾರಗಳಲ್ಲಿ 35 ಗಂಟೆಗಳು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 139 ಎದೆನೋವಿನ ರೋಗಿಗಳಿದ್ದರು. ಒಂದು ಗುಂಪಿಗೆ ಪೂರ್ಣ ಒತ್ತಡ, ಇನ್ನೊಂದಕ್ಕೆ ಪರಿಣಾಮವಾಗದಷ್ಟು ಕಡಿಮೆ ಒತ್ತಡ. ಪೂರ್ಣ ಒತ್ತಡ ಪಡೆದವರಲ್ಲಿ ವ್ಯಾಯಾಮದ ವೇಳೆ ಇಸಿಜಿಯಲ್ಲಿ ರಕ್ತದ ಕೊರತೆಯ ಚಿಹ್ನೆ ಕಾಣಲು ಹೆಚ್ಚು ಹೊತ್ತು ಹಿಡಿಯಿತು, ಎದೆನೋವೂ ಕಡಿಮೆಯಾಯಿತು. ಆದರೆ ವ್ಯಾಯಾಮದ ಒಟ್ಟು ಅವಧಿ ಎರಡೂ ಗುಂಪುಗಳಲ್ಲಿ ಹೆಚ್ಚಿತು, ನಡುವೆ ಖಚಿತ ವ್ಯತ್ಯಾಸ ಉಳಿಯಲಿಲ್ಲ. ಸ್ಟೆಂಟ್, ಬೈಪಾಸ್ ಎರಡಕ್ಕೂ ಆಸ್ಪದವಿಲ್ಲದೆ, ಮಾತ್ರೆಗಳಿಗೂ ಬಗ್ಗದ ಎದೆನೋವಿಗೆ ಇದನ್ನು ಪರಿಗಣಿಸಬಹುದೆಂಬುದು ನನ್ನ ಅಭಿಪ್ರಾಯ. ಬೈಪಾಸ್ ತಪ್ಪಿಸುವ ಚಿಕಿತ್ಸೆ ಎಂದು ಜಾಹೀರಾತು ಮಾಡುವವರನ್ನು ನಾನು ಒಪ್ಪುವುದಿಲ್ಲ. ಮಹಾಪಧಮನಿಯ ಕವಾಟ ಸೋರುತ್ತಿರುವವರಿಗೆ ಇದನ್ನು ಮಾಡಲೇಬಾರದು. ವಿರಾಮದಲ್ಲಿ ಹೆಚ್ಚಿಸಿದ ಒತ್ತಡ ರಕ್ತವನ್ನು ನೇರ ಹೃದಯದೊಳಕ್ಕೇ ಹಿಂತಳ್ಳುತ್ತದೆ.

ಸ್ನಾಯುವಿಗೆ ಕರೆಂಟ್ ಕೊಟ್ಟು ಮಾಡುವ ಪ್ರತಿಸ್ಪಂದನಕ್ಕೆ ಈ ಮಟ್ಟದ ಪರೀಕ್ಷೆ ಇನ್ನೂ ಆಗಬೇಕಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲದಿರುವುದಕ್ಕೆ ಅಷ್ಟೇ ಕಾರಣ ಸಾಕು.

ಮೈಸೂರಿನ ಮಗಳು

ನಮ್ಮ ಅಮ್ಮನಿಗೆ ಇಇಸಿಪಿ ಮಾಡಿಸಿದ್ದೆವು. ಎರಡು ಬಾರಿ ಬೈಪಾಸ್ ಆಗಿ, ಮೂರನೆಯದು ಸಾಧ್ಯವಿಲ್ಲವೆಂದಿದ್ದರು. ಮೊದಲ ದಿನ ಅವರನ್ನು ಹಾಸಿಗೆಯ ಮೇಲೆ ನೋಡಿ ಹೆದರಿಕೆಯಾಯಿತು. ಪ್ರತಿ ಬಡಿತಕ್ಕೂ ಇಡೀ ದೇಹ ಸೊಂಟದಿಂದ ಎಗರಿ ಬೀಳುತ್ತದೆ, ಗಾಡಿಯಲ್ಲಿ ಕಲ್ಲುದಾರಿ ಹೋದಂತೆ ಎಂದು ಅವರೇ ನಗುತ್ತಿದ್ದರು. ಒಳಗೆ ಹಾಕಿಕೊಳ್ಳುವ ಬಿಗಿ ಪೈಜಾಮದಲ್ಲಿ ಒಂದು ಮಡಿಕೆ ಉಳಿದರೂ ಅಲ್ಲಿ ಚರ್ಮ ಕೆಂಪಾಗುತ್ತಿತ್ತು. ಎದೆನೋವು ಮೂರನೆಯ ವಾರದಿಂದ ಕಡಿಮೆಯಾದದ್ದು ನಿಜ, ಮೆಟ್ಟಿಲು ಹತ್ತುವಾಗ ನಾಲಿಗೆಯ ಕೆಳಗಿಡುವ ಮಾತ್ರೆ ತಪ್ಪಿತು. ಒಂದೂವರೆ ವರ್ಷದ ಮೇಲೆ ನೋವು ಮತ್ತೆ ಬಂತು.

ಇಲ್ಲಿ ಹೇಳಬೇಕೆನಿಸಿದ್ದು ವೇಳೆಯ ಬಗ್ಗೆಯೇ. ಅಮ್ಮನ ನಾಡಿ ಆಗಾಗ ಒಂದು ಬಡಿತವನ್ನು ಮೊದಲೇ ಬಡಿದುಬಿಡುತ್ತಿತ್ತು. ಅಂಥ ಹೊತ್ತಿನಲ್ಲಿ ಯಂತ್ರ ತಟ್ಟನೆ ಹಿಂಡುವುದನ್ನು ಬಿಟ್ಟು ಸುಮ್ಮನಾಗುತ್ತಿತ್ತು, ಮತ್ತೆ ಎರಡು ಬಡಿತ ನೋಡಿ ಶುರುಮಾಡುತ್ತಿತ್ತು. ಅಮ್ಮ ಅದಕ್ಕೆ "ಅತ್ತೆ ಬಂದಳೆಂದು ಸೊಸೆ ಮಾತು ನಿಲ್ಲಿಸಿದ ಹಾಗೆ" ಎನ್ನುತ್ತಿದ್ದರು.

ಆರ್-ಅಲೆ

ನಿಮ್ಮ ಅಮ್ಮನ ಹೋಲಿಕೆ ನಮ್ಮ ಕಚೇರಿಯ ಗೋಡೆಗೆ ಬರೆಸುವಂತಿದೆ. ಸುಮ್ಮನಾಗುವುದನ್ನು ಕಲಿಸುವುದೇ ಇಂಥ ಯಂತ್ರಗಳ ವಿನ್ಯಾಸದಲ್ಲಿ ಕಷ್ಟದ ಭಾಗ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ಇಡುತ್ತೇನೆ, ಅಂಕೆಗಳು ಅಂದಾಜಿನವು. ನಿಮಿಷಕ್ಕೆ 75 ಬಡಿತವಾದರೆ ಒಂದು ಸುತ್ತಿಗೆ 800 ಮಿಲಿಸೆಕೆಂಡ್. ಇಸಿಜಿಯ ಚೂಪು ಶಿಖರ, ಅಂದರೆ ಆರ್ ಅಲೆ, ಕಂಡ ಕ್ಷಣವನ್ನು ಸೊನ್ನೆ ಎನ್ನೋಣ. ಸುಮಾರು 60–80ಕ್ಕೆ ರಕ್ತ ಹೊರಡುತ್ತದೆ, ಸುಮಾರು 320ಕ್ಕೆ ಕವಾಟ ಮುಚ್ಚುತ್ತದೆ, ಉಳಿದ 480 ವಿರಾಮ. ಬಡಿತ 120ಕ್ಕೆ ಏರಿದರೆ ಸುತ್ತು 500ಕ್ಕೆ ಇಳಿಯುತ್ತದೆ. ಆಗ ಕುಗ್ಗುವ ಅವಧಿ ಸ್ವಲ್ಪವೇ ಕಿರಿದಾಗುತ್ತದೆ, ವಿರಾಮ ಮಾತ್ರ ಅರ್ಧಕ್ಕರ್ಧ ಕರಗಿ 250ರ ಆಸುಪಾಸಿಗೆ ಬರುತ್ತದೆ. ಹಾಗಾಗಿ ಸುತ್ತಿನಲ್ಲಿ ಶೇಕಡ ಇಷ್ಟಕ್ಕೆ ಎಂದು ಒಂದೇ ಅನುಪಾತದಲ್ಲಿ ವೇಳೆ ನಿಗದಿ ಮಾಡಿದ ಯಂತ್ರ ಬಡಿತ ಏರಿದೊಡನೆ ತಪ್ಪುತ್ತದೆ.

ಇನ್ನು ದೂರ. ನಾಡಿಯ ಅಲೆ ಹೃದಯದಿಂದ ಮೀನಖಂಡಕ್ಕೆ ಬರಲು ಸುಮಾರು 150 ಮಿಲಿಸೆಕೆಂಡ್ ಬೇಕು. ಎಂದರೆ ಅದು ಅಲ್ಲಿಗೆ ತಲುಪುವುದು 210–230ಕ್ಕೆ. ಮೀನಖಂಡದ ಹಿಂಡುವಿಕೆಯಿಂದ ಎದ್ದ ಅಲೆ ಮಹಾಪಧಮನಿಯ ಬುಡಕ್ಕೆ ಹಿಂದಿರುಗಲೂ ಅಷ್ಟೇ ಹೊತ್ತು. ಅದು ಕವಾಟ ಮುಚ್ಚುವ 320ಕ್ಕೆ ಸರಿಯಾಗಿ ತಲುಪಬೇಕಾದರೆ ಸ್ನಾಯು 170ಕ್ಕೇ ಕುಗ್ಗಲು ಶುರುಮಾಡಬೇಕು. ಆದರೆ ನಾಡಿಯ ಅಲೆ ಕಾಲಿಗೆ ಇನ್ನೂ ಬಂದೇ ಇಲ್ಲ! ಹೃದಯಕ್ಕೆ ಅನುಕೂಲವಾದ ವೇಳೆ ಕಾಲಿಗೆ ಪ್ರತಿಕೂಲ. ಗಾಳಿಪಟ್ಟಿಯಲ್ಲಿ ಒತ್ತಡ ರಕ್ತದೊತ್ತಡಕ್ಕಿಂತ ಬಹಳ ಹೆಚ್ಚಿರುವುದರಿಂದ ಈ ಡಿಕ್ಕಿಯಲ್ಲಿ ಪಟ್ಟಿಯೇ ಗೆಲ್ಲುತ್ತದೆ. ಸ್ನಾಯುವಿಗೆ ಆ ಧಾರಾಳವಿಲ್ಲ; ತನಗೆ ಬರಬೇಕಾದ ರಕ್ತವನ್ನೇ ಅದು ತಡೆದರೆ ಬೇಗ ದಣಿಯುತ್ತದೆ. ಕಾಲಿನ ಅಲೆ ಹಾದುಹೋದ ಮೇಲೆ, ಸುಮಾರು 350–400ಕ್ಕೆ, ಸ್ನಾಯುವನ್ನು ಕುಗ್ಗಿಸಿ, ಹೃದಯದ ಬುಡಕ್ಕೆ ವಿರಾಮದ ನಡುವಿನಲ್ಲಿ ತಲುಪಿಸುವುದು ರಾಜಿಯ ದಾರಿ. ತೊಡೆ ಮತ್ತು ಪೃಷ್ಠದ ಸ್ನಾಯುಗಳು ಹತ್ತಿರವಿರುವುದರಿಂದ ಅಲ್ಲಿ ಈ ಜಗಳ ಕಡಿಮೆ, ಸ್ನಾಯುವಿನ ಗಾತ್ರವೂ ದೊಡ್ಡದು. ವಯಸ್ಸಾದವರ ಅಪಧಮನಿಗಳು ಗಡುಸಾಗಿದ್ದು ಅಲೆ ಬೇಗ ಓಡುತ್ತದೆಂಬುದನ್ನೂ ಸೇರಿಸಿಕೊಳ್ಳಬೇಕು.

ಇಷ್ಟರ ಮೇಲೆ ಸ್ನಾಯು ಗಾಳಿಪಟ್ಟಿಯಲ್ಲ. ಕರೆಂಟ್ ತಾಗಿದ 30–50 ಮಿಲಿಸೆಕೆಂಡ್ ನಂತರ ಬಿಗಿಯಾಗಲು ತೊಡಗುತ್ತದೆ, ನಿಲ್ಲಿಸಿದರೂ ತಟ್ಟನೆ ಸಡಿಲಾಗುವುದಿಲ್ಲ. ಗಾಳಿಪಟ್ಟಿಗೆ ತೂತು ತೆರೆದರೆ ಸಾಕು, ಸ್ನಾಯುವಿಗೆ ತೂತಿಲ್ಲ.

ಡಿಪ್ಲೊಮಾ ಹುಡುಗ

ಸರ್, ನನ್ನ ಬಳಿ ಇಸಿಜಿ ಮಾಡ್ಯೂಲ್ ಇದೆ, ಫಿಸಿಯೊ ಅಂಗಡಿಯಲ್ಲಿ ಸಿಗುವ, ನೋವಿಗೆಂದು ಚರ್ಮದ ಮೇಲಿನಿಂದ ಕರೆಂಟ್ ಕೊಡುವ ಟೆನ್ಸ್ ಯಂತ್ರವೂ ಇದೆ. ಎರಡನ್ನೂ ಒಂದು ಬೋರ್ಡಿಗೆ ಸೇರಿಸಿ ಅಂತಿಮ ವರ್ಷದ ಪ್ರಾಜೆಕ್ಟ್ ಮಾಡಬಹುದೆ? ಇಸಿಜಿ ಕಷ್ಟವಾದರೆ ಕೈಗಡಿಯಾರದ ನಾಡಿ ಓದುವ ಸೆನ್ಸರ್ ಸಾಕಾಗುತ್ತದೆಯೆ?

ಆರ್-ಅಲೆ

ಮನುಷ್ಯನ ಮೇಲೆ ಮಾಡಬೇಡಿ. ಗಡುಸಾಗಿ ಹೇಳುತ್ತಿದ್ದೇನೆ, ಬೇಸರಿಸಬೇಡಿ.

ಎದೆಗೆ ಅಂಟಿಸಿದ ತಂತಿ ಮತ್ತು ಸ್ನಾಯುವಿಗೆ ಕರೆಂಟ್ ಕೊಡುವ ತಂತಿ ಒಂದೇ ದೇಹದ ಮೇಲೆ, ಒಂದೇ ಬೋರ್ಡಿನ ಒಂದೇ ನೆಲಬಿಂದುವಿಗೆ ಸೇರಿದರೆ, ಕಾಲಿಗೆಂದು ಹೊರಟ ಕರೆಂಟ್ ಎದೆಯ ಮೂಲಕ ದಾರಿ ಹಿಡಿಯಬಹುದು. ಹೃದಯ ಚೇತರಿಸಿಕೊಳ್ಳುವ ಟಿ ಅಲೆಯ ಹೊತ್ತಿನಲ್ಲಿ ಎದೆಯ ಮೂಲಕ ಹೋಗುವ ಕರೆಂಟ್ ಅದನ್ನು ಮಾರಕ ಕಂಪನಕ್ಕೆ ತಳ್ಳಬಲ್ಲದು. ಆಸ್ಪತ್ರೆಯ ಉಪಕರಣಗಳಲ್ಲಿ ಈ ಎರಡು ಭಾಗಗಳನ್ನು ವಿದ್ಯುತ್ ಸಂಪರ್ಕವೇ ಇಲ್ಲದಂತೆ ಪೂರ್ತಿ ಬೇರ್ಪಡಿಸಿರುತ್ತಾರೆ. ಇದರ ಜೊತೆಗೆ ಲ್ಯಾಪ್‌ಟಾಪ್ ಚಾರ್ಜರ್ ಗೋಡೆಗೆ ಸಿಕ್ಕಿಸಿಕೊಂಡು ಪ್ರಯೋಗ ಮಾಡುವ ಅಭ್ಯಾಸ ನಮ್ಮ ಪ್ರಯೋಗಾಲಯಗಳಲ್ಲಿ ಹೇಗಿದೆಯೆಂದು ನನಗೆ ಗೊತ್ತು.

ಸಂಕೇತದ ತೊಡಕೂ ಇದೆ. ಇಸಿಜಿಯ ಆರ್ ಅಲೆ ಹೆಚ್ಚೆಂದರೆ ಒಂದೆರಡು ಮಿಲಿವೋಲ್ಟ್. ಸ್ನಾಯುವಿಗೆ ಕೊಡುವುದು ಹತ್ತಾರು ವೋಲ್ಟ್. ಗುಡುಗಿನ ನಡುವೆ ಪಿಸುಮಾತು ಕೇಳಿಸಿಕೊಂಡಂತೆ. ಕರೆಂಟ್ ಹೊರಟಾಗ ಕಿವಿ ಮುಚ್ಚಿಕೊಳ್ಳಬೇಕು, ಆದರೆ ಮುಚ್ಚಿಕೊಂಡ ಹೊತ್ತಿನಲ್ಲೇ ಅಕಾಲದ ಬಡಿತ ಬಂದರೆ ಅದು ಕಾಣದೆ ಹೋಗುತ್ತದೆ. ತನ್ನದೇ ಕರೆಂಟನ್ನು ಬಡಿತವೆಂದು ತಪ್ಪು ತಿಳಿದ ಯಂತ್ರ ಅದರ ಆಧಾರದ ಮೇಲೆ ಮತ್ತೆ ಕರೆಂಟ್ ಕೊಡುತ್ತದೆ, ತನ್ನ ದನಿಗೆ ತಾನೇ ಓಗೊಡುತ್ತಾ ಓಡುತ್ತದೆ. ಕೈಗಡಿಯಾರದ ಸೆನ್ಸರ್ ನೋಡುವುದು ಹೃದಯವನ್ನಲ್ಲ, ಮಣಿಕಟ್ಟಿಗೆ ಬಂದ ರಕ್ತವನ್ನು. ಅದು ತಡವಾಗಿ ಬರುವುದಲ್ಲದೆ ಆ ತಡವೂ ಉಸಿರು, ಚಳಿ, ಕೈಯ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಹತ್ತು ಮಿಲಿಸೆಕೆಂಡಿಗೆ ಲೆಕ್ಕ ಹಾಕುವ ಕಡೆ ಅದು ನಡೆಯದು.

ಪ್ರಾಜೆಕ್ಟ್ ಮಾಡಲೇಬೇಕೆಂದರೆ ಈಗಾಗಲೇ ದಾಖಲಾಗಿರುವ ಇಸಿಜಿಗಳ ಮೇಲೆ ಮಾಡಿ. 1985ರ ಪ್ಯಾನ್–ಟಾಂಪ್ಕಿನ್ಸ್ ವಿಧಾನದಿಂದ ಆರ್ ಅಲೆ ಹುಡುಕಿ, ಕರೆಂಟಿನ ಗದ್ದಲವನ್ನು ಕೃತಕವಾಗಿ ಸೇರಿಸಿ, ಎಷ್ಟು ಬಡಿತ ತಪ್ಪುತ್ತದೆಂದು ಎಣಿಸಿ. ಹೃತ್ಕರ್ಣದ ಕಂಪನವಿರುವವರ, ಅಂದರೆ ಬಡಿತ ಕ್ರಮತಪ್ಪಿ ಬರುವವರ, ದಾಖಲೆ ತೆಗೆದುಕೊಂಡರಂತೂ ಒಂದು ಬಡಿತದಿಂದ ಮುಂದಿನ ಬಡಿತವನ್ನು ಊಹಿಸುವುದೇ ಹೇಗೆ ಸೋಲುತ್ತದೆಂದು ತಿಳಿಯುತ್ತದೆ. ಯಾರಿಗೂ ಶಾಕ್ ಹೊಡೆಯದ, ಅಂಕ ತರುವ ಕೆಲಸ ಅದು.

ಹುಬ್ಬಳ್ಳಿ ಫಿಸಿಯೊ

ದಣಿವಿನ ಬಗ್ಗೆ ನನ್ನದೂ ಒಂದು ಮಾತು. ಬಡಿತಕ್ಕೊಂದರಂತೆ ಅರ್ಧ ಗಂಟೆ ಎಂದರೆ 75ರ ಲೆಕ್ಕದಲ್ಲಿ 2250 ಬಾರಿ ಕುಗ್ಗಬೇಕು. ನಾವು ದುರ್ಬಲ ತೊಡೆಗೆ ಕರೆಂಟ್ ಕೊಡುವಾಗ ಹತ್ತು ಸೆಕೆಂಡ್ ಕುಗ್ಗಿಸಿ ಮೂವತ್ತು ಸೆಕೆಂಡ್ ಬಿಡುವು ಕೊಟ್ಟರೂ ಹದಿನೈದು ನಿಮಿಷದಲ್ಲಿ ಸ್ನಾಯು ಸೊರಗುತ್ತದೆ. ನಾವೇ ಬೇಕೆಂದು ನಡೆದಾಗ ಮೆದುಳು ಸ್ನಾಯುವಿನ ಎಳೆಗಳನ್ನು ಸರದಿಯಲ್ಲಿ ದುಡಿಸುತ್ತದೆ. ಹೊರಗಿನ ಕರೆಂಟ್ ಪ್ಯಾಡಿನ ಕೆಳಗೆ ಸಿಕ್ಕ ಅವೇ ಎಳೆಗಳನ್ನು ಪದೇಪದೇ ಎಬ್ಬಿಸುತ್ತದೆ. ಇಷ್ಟು ಕುಗ್ಗುವಿಕೆಯನ್ನು ಸ್ನಾಯು ಹೇಗೆ ತಡೆದುಕೊಳ್ಳುತ್ತದೆ?

ನಿವೃತ್ತ ಹೃದ್ರೋಗ ವೈದ್ಯೆ

ತಡೆದುಕೊಳ್ಳುವಂತೆ ಪಳಗಿಸಬಹುದು, ಅದಕ್ಕೆ ಬೆಲೆ ತೆರಬೇಕು. 1969ರಲ್ಲಿ ಸಾಲ್ಮನ್ಸ್ ಮತ್ತು ವರ್ಬೋವಾ ಅವರು ಪ್ರಾಣಿಗಳ ವೇಗದ ಸ್ನಾಯುವಿಗೆ ವಾರಗಟ್ಟಲೆ ಸೆಕೆಂಡಿಗೆ ಹತ್ತರಂತೆ ಸಣ್ಣ ಮಿಡಿತ ಕೊಟ್ಟು ಅದನ್ನು ನಿಧಾನದ ಸ್ನಾಯುವಾಗಿ ಬದಲಿಸಿ ತೋರಿಸಿದರು. ಇದೇ ತಿಳಿವಿನ ಮೇಲೆ 1985ರಲ್ಲಿ ಪ್ಯಾರಿಸ್‌ನಲ್ಲಿ ಕಾರ್ಪೆಂಟಿಯರ್ ಮತ್ತು ಶಾಕ್ವೆಸ್ ಅವರು ರೋಗಿಯ ಬೆನ್ನಿನ ಅಗಲ ಸ್ನಾಯುವನ್ನು ಬಿಡಿಸಿ, ಪಕ್ಕೆಲುಬಿನ ನಡುವೆ ಒಳಕ್ಕೆ ತಂದು ಹೃದಯಕ್ಕೇ ಸುತ್ತಿ, ಬಡಿತಕ್ಕೆ ಹೊಂದಿಸಿ ಕರೆಂಟ್ ಕೊಟ್ಟರು. ಶಸ್ತ್ರಕ್ರಿಯೆಯ ನಂತರ ಕೆಲವು ವಾರ ಸ್ನಾಯುವಿಗೆ ಮೆಲ್ಲಗೆ ಪಾಠ ಹೇಳುತ್ತಿದ್ದರು. ಲೋಕದಾದ್ಯಂತ ನೂರಾರು ಮಂದಿಗೆ ಮಾಡಿದರು. ದಣಿಯದ ಸ್ನಾಯು ಸಿಕ್ಕಿತು, ಆದರೆ ಅದು ತೆಳುವಾಗಿ, ನಿಧಾನವಾಗಿ, ಬಲ ಕಳೆದುಕೊಂಡಿತ್ತು. ನಿಧಾನವಾದ ಸ್ನಾಯು ಮುಂದಿನ ಬಡಿತದೊಳಗೆ ಸಡಿಲಾಗದಿದ್ದರೆ ವೇಳೆಯ ಲೆಕ್ಕವೂ ಕೆಡುತ್ತದೆ. ರೋಗಿಗಳಿಗೆ ಉಸಿರಾಟ ಸುಲಭವಾಯಿತೆಂದರೂ ಹೃದಯ ಹೊರಹಾಕುವ ರಕ್ತದ ಪ್ರಮಾಣ ಅಷ್ಟಾಗಿ ಏರಲಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ಅದನ್ನು ಬಹುತೇಕ ಕೈಬಿಟ್ಟರು.

ಆರ್-ಅಲೆ

ಚರ್ಮದ ಮೇಲಿನಿಂದ ಮಾಡುವಾಗ ಒಂದು ಬಡಿತಕ್ಕೆ ಬಲಗಾಲು, ಮುಂದಿನದಕ್ಕೆ ಎಡಗಾಲು ಎಂದೋ, ಎರಡು–ನಾಲ್ಕು ಬಡಿತಕ್ಕೊಮ್ಮೆ ಎಂದೋ ಸರದಿ ಮಾಡಬಹುದು. ಆಗ ದಣಿವು ಕಡಿಮೆಯಾಗುತ್ತದೆ, ಹೃದಯಕ್ಕೆ ಸಿಗುವ ನೆರವೂ ಅಷ್ಟೇ ಕಡಿಮೆಯಾಗುತ್ತದೆ. ಈ ಎರಡರ ನಡುವೆ ಲಾಭ ಉಳಿಯುತ್ತದೆಯೇ ಎಂಬುದೇ ಇಡೀ ವಿಧಾನದ ಅಳಿವು ಉಳಿವು. ನನ್ನ ವೈಯಕ್ತಿಕ ಅನುಮಾನವೆಂದರೆ, ಲಾಭ ಕಂಡಲ್ಲೆಲ್ಲ ಅದರ ಒಂದು ಪಾಲು ಸ್ನಾಯು ದುಡಿದದ್ದರಿಂದಲೇ ಬಂದಿರುತ್ತದೆ. ದುಡಿದ ಸ್ನಾಯುವಿನ ರಕ್ತನಾಳಗಳು ಹಿಗ್ಗಿ ಹೃದಯದ ಎದುರಿನ ತಡೆ ಇಳಿಯುತ್ತದೆ. ಅದಕ್ಕೆ ತಾಳ ಬೇಕಿಲ್ಲ. ತಾಳದ ಕಾಣಿಕೆ ಎಷ್ಟೆಂದು ತಿಳಿಯಬೇಕಾದರೆ ಅದೇ ರೋಗಿಗೆ, ಅಷ್ಟೇ ಕರೆಂಟನ್ನು, ಬೇಕೆಂದೇ ತಾಳ ತಪ್ಪಿಸಿ ಕೊಟ್ಟು ಹೋಲಿಸಬೇಕು.

ಲೀಡ್ಸ್‌ನಿಂದ ನರ್ಸ್

ಇಲ್ಲಿ ಇಂಗ್ಲೆಂಡಿನ ವಾರ್ಡಿನಲ್ಲಿ ನಾವು ಬಳಸುವ ಒಂದು ಸಾಧನ ತಾಳವಿಲ್ಲದ ಕಡೆಗೆ ಉದಾಹರಣೆ. ಗೆಕೊ ಎಂದು ಹೆಸರು. ಮೊಣಕಾಲಿನ ಹೊರಬದಿಯ ಕೆಳಗೆ, ನರ ಎಲುಬಿಗೆ ಹತ್ತಿರವಾಗಿ ಹಾದುಹೋಗುವಲ್ಲಿ ಪಟ್ಟಿಯಂತೆ ಅಂಟಿಸುತ್ತೇವೆ. ಸೆಕೆಂಡಿಗೊಂದು ಮಿಡಿತ, ಪಾದ ಮೆಲ್ಲನೆ ಕುಣಿಯುತ್ತದೆ. ಸ್ನಾಯುವಿಗಲ್ಲ, ನರಕ್ಕೇ ತಾಗಿಸುವುದರಿಂದ ಕರೆಂಟ್ ಬಹಳ ಕಡಿಮೆ ಸಾಕು. 2014ರಲ್ಲಿ, ಯಾವ ಚಿಕಿತ್ಸೆ ಬಳಸಬಹುದೆಂದು ಸಲಹೆ ಕೊಡುವ ಇಲ್ಲಿನ ನೈಸ್ ಸಂಸ್ಥೆ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದು ಬೇರೆ ಯಾಂತ್ರಿಕ ವಿಧಾನವನ್ನಾಗಲಿ ಔಷಧವನ್ನಾಗಲಿ ಬಳಸಲಾಗದ ರೋಗಿಗಳಿಗೆ ಇದನ್ನು ಬಳಸಬಹುದೆಂದು ಹೇಳಿತು. ರೋಗಿಯ ಹೃದಯ ನಿಮಿಷಕ್ಕೆ ಎಷ್ಟೇ ಬಡಿಯಲಿ, ಅದು ಅರವತ್ತೇ ಬಾರಿ ಮಿಡಿಯುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಸೋತವರಲ್ಲಿ ಕೆಲವೊಮ್ಮೆ ಪಾದ ಕುಣಿಯುವುದೇ ಇಲ್ಲ. ಆಗ ಕರೆಂಟ್ ಏರಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ, ಚರ್ಮದ ಉರಿಯೂ ಅವರಿಗೆ ತಿಳಿಯದು.

ತೀರ್ಥಹಳ್ಳಿ ಮೇಷ್ಟ್ರು

ವೈದ್ಯರಲ್ಲಿಗೆ ಹೋಗಿ ಬಂದೆವು. ಹೃದಯದ ಸ್ಕ್ಯಾನ್, ಮೂತ್ರ ಮತ್ತು ರಕ್ತಪರೀಕ್ಷೆ ಎಲ್ಲವೂ ತೃಪ್ತಿಕರ. ಹುಬ್ಬಳ್ಳಿಯವರು ಹೇಳಿದಂತೆ ಮಾತ್ರೆಗಳನ್ನು ಮುಂದಿಟ್ಟೆ. ಕಳೆದ ವರ್ಷ ಬಿ.ಪಿ.ಗೆಂದು ಆಮ್ಲೊಡಿಪಿನ್ ಮಾತ್ರೆಯ ಪ್ರಮಾಣವನ್ನು ಇಮ್ಮಡಿ ಮಾಡಿದ್ದರು. ಊತ ಶುರುವಾದದ್ದು ಅದರ ನಂತರವೇ. ಅದರಿಂದ ಪಾದ ಊದುವುದು ಸಾಮಾನ್ಯವೆಂದು ಹೇಳಿ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಹತ್ತು ದಿನವಾಯಿತು, ಸಂಜೆಯ ಹೊತ್ತೂ ಚಪ್ಪಲಿಯ ಪಟ್ಟಿ ಸಡಿಲವಾಗಿಯೇ ಇರುತ್ತದೆ. ಯಂತ್ರ ಕೊಳ್ಳಲಿಲ್ಲ.

ತಂದೆಯವರಿಗೆ ಈ ಚರ್ಚೆಯನ್ನೆಲ್ಲ ಓದಿ ಹೇಳಿದೆ. ಒನಕೆಯ ಮಾತು ಬಹಳ ಹಿಡಿಸಿತು. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಇಡುತ್ತೇನೆ: "ಕರೆಂಟ್ ಯಾಕೆ ಬೇಕು? ತೋಟಕ್ಕೆ ನಡೆದು ಹೋಗುವಾಗ ನಾಡಿ ಹಿಡಿದುಕೊಂಡು, ಹೃದಯ ಸುಮ್ಮನಿರುವಾಗ ಹೆಜ್ಜೆ ಊರಿದರೆ ಅದೇ ಕೆಲಸ ಆಗುವುದಿಲ್ಲವೆ?"

ಆರ್-ಅಲೆ

ನಿಮ್ಮ ತಂದೆಯವರಿಗೆ ನಮಸ್ಕಾರ ತಿಳಿಸಿ. ಅವರು ಕೇಳಿದ್ದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪಳಗಿದ ಓಟಗಾರರ ಕಿವಿಗೆ ಟಿಕ್ ಟಿಕ್ ಸದ್ದು ಕೇಳಿಸಿ, ಹೃದಯ ವಿರಮಿಸುವ ಹಂತಕ್ಕೆ ಒಮ್ಮೆ, ಕುಗ್ಗುವ ಹಂತಕ್ಕೆ ಇನ್ನೊಮ್ಮೆ ಹೆಜ್ಜೆ ಹೊಂದಿಸಿ ಓಡಿಸಿದರು. ವೇಗ ಒಂದೇ ಆಗಿದ್ದರೂ ವಿರಾಮದಲ್ಲಿ ಹೆಜ್ಜೆ ಊರಿದಾಗ ಹೃದಯದ ಬಡಿತ ಕಡಿಮೆಯಿತ್ತು. ಆದರೆ ಅದಕ್ಕೆ ಹೆಜ್ಜೆ ಮತ್ತು ಬಡಿತ ಎರಡರ ಎಣಿಕೆಯೂ ಸಮನಾಗಿರಬೇಕು. ಚುರುಕಾಗಿ ನಡೆಯುವಾಗ ನಿಮಿಷಕ್ಕೆ ನೂರಕ್ಕೂ ಮೇಲೆ ಹೆಜ್ಜೆ ಬೀಳುತ್ತದೆ. ಬಡಿತ ನಿಯಂತ್ರಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರ ನಾಡಿ ಎಂಬತ್ತೋ ತೊಂಬತ್ತೋ ಇದ್ದರೆ ಎರಡೂ ಕೂಡುವುದೇ ಇಲ್ಲ, ಒಮ್ಮೆ ಜೊತೆಯಾಗಿ ಮತ್ತೊಮ್ಮೆ ಅಗಲುತ್ತಾ ಸಾಗುತ್ತವೆ. ಅಲ್ಲದೆ ಮಣಿಕಟ್ಟಿನಲ್ಲಿ ನಾಡಿ ತಾಗುವುದು ಹೃದಯ ರಕ್ತ ತಳ್ಳಲು ತೊಡಗಿದ ಮೇಲೆ ಸ್ವಲ್ಪ ತಡವಾಗಿ. ಬೆರಳಿಗೆ ತಾಗಿದೊಡನೆ ಹೆಜ್ಜೆ ಊರಿದರೆ ಅದು ಇನ್ನೂ ಕುಗ್ಗುವ ಹಂತದೊಳಗೇ ಬೀಳುತ್ತದೆ. ಎರಡು ಮಿಡಿತಗಳ ನಡುವಿನ ಖಾಲಿಯಲ್ಲಿ ಊರಬೇಕು.

ತೀರ್ಥಹಳ್ಳಿ ಮೇಷ್ಟ್ರು

ಓದಿ ಹೇಳಿದೆ. ಇಂದು ಬೆಳಿಗ್ಗೆ ತೋಟದ ದಾರಿಯಲ್ಲಿ ಬಲಗೈಯಿಂದ ಎಡ ಮಣಿಕಟ್ಟು ಹಿಡಿದುಕೊಂಡು ಹೊರಟರು. ಸಂಕದ ಹತ್ತಿರ ಎಣಿಕೆ ತಪ್ಪಿತಂತೆ. ಅಲ್ಲಿಂದ ಮುಂದೆ ಕೈ ಬಿಟ್ಟು ಎಂದಿನಂತೆ ನಡೆದೆ ಎಂದರು.